ತಾರೀಖು ನೋಡಿ ಆಶ್ರಯ ಕೊಟ್ಟವರು



ನಾನು ಆಫೀಸಲ್ಲಿ ಗುಮಾಸ್ತ. ಅರ್ಜಿ ಬಂದರೆ ಮೊದಲು ನೋಡೋದೇ ತಾರೀಖು. ಕೊನೇ ದಿನ ದಾಟಿದ್ದರೆ ಒಳಗೆ ಏನು ಬರೆದಿದ್ದರೂ ಯಾರೂ ಓದಲ್ಲ. ಅದಕ್ಕೇ ಏನೋ, ಪೂರ್ವ ಬಂಗಾಳದ ನಾಮಶೂದ್ರರ ಚರಿತ್ರೆ ಓದುವಾಗ ನನ್ನ ಕಣ್ಣು ತಾರೀಖುಗಳ ಮೇಲೇ ನಿಂತಿತು.

1946ರಲ್ಲಿ ಬಾಬಾಸಾಹೇಬರನ್ನು ಬಂಗಾಳದಿಂದ ಸಂವಿಧಾನ ಸಭೆಗೆ ಗೆಲ್ಲಿಸಿ ಕಳಿಸಿದ್ದು ಜೋಗೇಂದ್ರನಾಥ ಮಂಡಲ್ ಮತ್ತು ಸಂಗಾತಿಗಳು. ನಾಮಶೂದ್ರರಾದ ಮಂಡಲ್ ವಿಭಜನೆಯ ನಂತರ ಪಾಕಿಸ್ತಾನದ ಮೊದಲ ಕಾನೂನು ಮಂತ್ರಿಯಾದರು. ತಮ್ಮ ಜನರ ಮೇಲಿನ ದೌರ್ಜನ್ಯ ಕಂಡು 1950ರಲ್ಲಿ ರಾಜೀನಾಮೆ ಕೊಟ್ಟು ಕಲ್ಕತ್ತೆಗೆ ಬಂದುಬಿಟ್ಟರು. ಮಂತ್ರಿಗೇ ಈ ಗತಿ ಅಂದಮೇಲೆ ಗದ್ದೆ ಕೂಲಿಯವರ ಪಾಡು?

ಗಡಿ ದಾಟಿ ಬಂದವರನ್ನು ಸರ್ಕಾರ ತಾರೀಖಿನ ಪ್ರಕಾರ ವಿಂಗಡಿಸಿತು. 1958ರ ಮಾರ್ಚ್ 31ರೊಳಗೆ ಬಂದವರು ಹಳೇ ವಲಸಿಗರು. 1964ರ ಜನವರಿ 1ರಿಂದ 1971ರ ಮಾರ್ಚ್ 25ರವರೆಗೆ ಬಂದವರು ಹೊಸ ವಲಸಿಗರು. ಪಶ್ಚಿಮ ಬಂಗಾಳದ ಹೊರಗೆ ಹೋಗಲು ಒಪ್ಪಿದರೆ ಮಾತ್ರ ಅವರಿಗೆ ಪುನರ್ವಸತಿ. ನಡುವಿನ ಸುಮಾರು ಆರು ವರ್ಷ ಬಂದವರಿಗೆ ಏನೂ ಇಲ್ಲ.

ಇಲ್ಲಿ ಜಾತಿ ಕಾಲಂ ಬೇಕಾಗೇ ಇರಲಿಲ್ಲ. ದುಡ್ಡು, ಓದು, ಕಲ್ಕತ್ತೆಯಲ್ಲಿ ನೆಂಟರು ಇದ್ದ ಮೇಲ್ಜಾತಿಯವರು ಬಹುಪಾಲು ಮೊದಲೇ ಬಂದರು. ನಗರದ ಸುತ್ತ ಅವರು ಕಟ್ಟಿಕೊಂಡ ಎಷ್ಟೋ ಕಾಲೊನಿಗಳು ಮುಂದೆ ಸಕ್ರಮವಾದವು. ಭೂಮಿ ನಂಬಿದ ನಾಮಶೂದ್ರರು ತಡವಾಗಿ ಹೊರಟರು. ಅವರಿಗೆ ಸಿಕ್ಕಿದ್ದು ರಾಯಪುರದ ಹತ್ತಿರದ ಮಾನಾ ಕ್ಯಾಂಪು, ಆಮೇಲೆ ದಂಡಕಾರಣ್ಯದ ಒಣ ನೆಲ.

1978ರಲ್ಲಿ ಸಾವಿರಾರು ಕುಟುಂಬಗಳು ಅಲ್ಲಿಂದ ಹೊರಟು ಸುಂದರಬನದ ಮರಿಚ್‌ಝಾಪಿ ದ್ವೀಪ ಸೇರಿ, ತಾವೇ ಶಾಲೆ ಕಟ್ಟಿದವು. ವಿರೋಧಪಕ್ಷದಲ್ಲಿದ್ದಾಗ 'ಬಂಗಾಳದಲ್ಲೇ ನೆಲೆ ಕೊಡಿ' ಎಂದಿದ್ದ ಎಡಪಕ್ಷಗಳೇ ಆಗ ಅಧಿಕಾರದಲ್ಲಿದ್ದವು. ಈಗ ಅವರು ಹೇಳಿದ್ದು, ಇದು ಮೀಸಲು ಅರಣ್ಯ. 1979ರ ಜನವರಿಯಲ್ಲಿ ಪೊಲೀಸ್ ದೋಣಿಗಳು ದ್ವೀಪ ಸುತ್ತುವರಿದು ಅಕ್ಕಿ, ನೀರು ತಡೆದವು. ಗೋಲಿಬಾರ್ ಆಯಿತು. ಮೇ ತಿಂಗಳಲ್ಲಿ ಗುಡಿಸಲು ಸುಟ್ಟು ಜನರನ್ನು ಎಬ್ಬಿಸಿದರು. ಸತ್ತವರು ಸರ್ಕಾರದ ಲೆಕ್ಕದಲ್ಲಿ ಬೆರಳೆಣಿಕೆ, ಬದುಕುಳಿದವರ ಲೆಕ್ಕದಲ್ಲಿ ನೂರಾರು.

ದೂರದ ಕಥೆ ಅಂದ್ಕೋಬೇಡಿ. ನಮ್ಮ ಸಿಂಧನೂರಿನ ಆರ್.ಎಚ್. ಕ್ಯಾಂಪುಗಳಲ್ಲಿರುವ ಬಂಗಾಳಿಗಳಲ್ಲಿ ಬಹುಪಾಲು ಇದೇ ನಾಮಶೂದ್ರರು. ಪಶ್ಚಿಮ ಬಂಗಾಳದಲ್ಲಿ ಅವರು ಪರಿಶಿಷ್ಟ ಜಾತಿ; ನಮ್ಮ ರಾಜ್ಯದ ಪಟ್ಟಿಯಲ್ಲಿ ಆ ಹೆಸರೇ ಇಲ್ಲ. ಬಂಗಾಳದ ಹೊರಗೆ ಹೋಗಿ ಅಂದಿದ್ದು ಸರ್ಕಾರ, ಮೀಸಲಾತಿ ಕಳಕೊಂಡಿದ್ದು ಇವರು.

ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ನಿರಾಶ್ರಿತರಿಗೆಂದೇ ಕಾನೂನೂ ಮಾಡಿಲ್ಲ. 2019ರ ಪೌರತ್ವ ತಿದ್ದುಪಡಿಯಲ್ಲೂ ಮತ್ತೊಂದು ತಾರೀಖು, 2014ರ ಡಿಸೆಂಬರ್ 31. ಅದರ ಜೊತೆಗೆ ಧರ್ಮದ ಕಾಲಂ ಬೇರೆ.

ಓಡಿ ಬಂದವರನ್ನು ಕೂರಿಸಿ 'ಯಾಕೆ ಬಂದ್ರಿ' ಅಂತ ಕೇಳುವ, ಇಲ್ಲ ಅಂದರೆ ಕಾರಣ ಬರೆದುಕೊಡುವ, ಮೇಲ್ಮನವಿಗೆ ದಾರಿ ಬಿಡುವ ಕಾನೂನು ಬೇಕು. ಸಿಂಧನೂರಿನವರ ಜಾತಿ ಪ್ರಮಾಣಪತ್ರದ ಬೇಡಿಕೆ ನಮ್ಮ ಬೇಡಿಕೆಯೂ ಆಗಬೇಕು. ಬಾಬಾಸಾಹೇಬರನ್ನು ಗೆಲ್ಲಿಸಿದ ಜನ ಅವರು. ಆ ಋಣ ನಮ್ಮ ಮೇಲಿದೆ.

ಜೈಭೀಮ್.