ಇಫ್

ಇಂಗ್ಲಿಷಿನ ‘ಇಫ್’ ಹಳೆಯ ಇಂಗ್ಲಿಷಿನಲ್ಲಿ ‘ಗಿಫ್’ ಎಂಬ ಬರಹದಲ್ಲಿತ್ತು. ಉಚ್ಚಾರ ಮಾತ್ರ ‘ಯಿಫ್’. ಆ ಯಕಾರ ಸವೆದು ಇಂದಿನ ರೂಪ ಉಳಿಯಿತು. 18ನೇ ಶತಮಾನದಲ್ಲಿ ಭಾಷಾಚಿಂತಕ ಜಾನ್ ಹಾರ್ನ್ ಟುಕ್ ಇದು ‘ಕೊಡು’ ಎಂಬರ್ಥದ ‘ಗಿವ್’ನಿಂದ ಬಂತೆಂದು ವಾದಿಸಿದ್ದ. ಸೊಗಸಾದ ಊಹೆ, ಆದರೆ ಜರ್ಮನ್ನಿನ ‘ಒಬ್’ನಂಥ ದಾಯಾದಿ ಪದಗಳು ಅದಕ್ಕೆ ಒಗ್ಗುವುದಿಲ್ಲ.

ಬಳಕೆಯಲ್ಲಿ ನಮ್ಮ ಮಕ್ಕಳು ಎಡವುವುದು ಕಾಲದಲ್ಲಿ. ‘ನಾಳೆ ಮಳೆ ಬಂದರೆ’ ಎನ್ನಲು ‘ಇಫ್ ಇಟ್ ವಿಲ್ ರೇನ್’ ಎಂದು ಬರೆಯುತ್ತಾರೆ. ಸರಿಯಾದದ್ದು ‘ಇಫ್ ಇಟ್ ರೇನ್ಸ್’; ‘ವಿಲ್’ ಬರುವುದು ಫಲ ಹೇಳುವ ಭಾಗದಲ್ಲಿ. ‘ಇಫ್ ಐ ಹ್ಯಾಡ್ ಮನಿ’ ಎಂದರೆ ಹಿಂದಿನ ಮಾತಲ್ಲ, ಈಗ ಹಣವಿಲ್ಲ ಎಂದೇ. ಭೂತರೂಪ ಅಲ್ಲಿ ಸೂಚಿಸುವುದು ಕಾಲವನ್ನಲ್ಲ, ವಾಸ್ತವದಿಂದಿರುವ ದೂರವನ್ನು. ‘ಇಫ್ ಐ ವರ್ ಯು’ ಎಂಬಲ್ಲಿ ‘ವಾಸ್’ ಬದಲು ‘ವರ್’ ಬರುವುದೂ ಇದಕ್ಕೇ. ಇದನ್ನು ಕನ್ನಡದಿಂದಲೇ ಕಲಿಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ: ‘ಬಂದರೆ’ ನಿಂತಿರುವುದೂ ‘ಬಂದ’ ಎಂಬ ಭೂತರೂಪದ ಮೇಲೆ, ಆದರೂ ‘ನಾಳೆ ಬಂದರೆ’ ಯಾರಿಗೂ ತೊಡಕಲ್ಲ.

‘ಇಫ್ ಯು ವಿಲ್ ವೇಟ್ ಹಿಯರ್’ ಮಾತ್ರ ತಪ್ಪಲ್ಲ. ಅಲ್ಲಿನ ‘ವಿಲ್’ ಭವಿಷ್ಯವಲ್ಲ, ‘ದಯವಿಟ್ಟು ಕಾಯುವಿರಾದರೆ’ ಎಂಬ ವಿನಯ.