ಬಿರುಮಳೆ ಎಚ್ಚರಿಕೆ (ಅಮೆರಿಕದ ಮಧ್ಯ ಬಯಲು)
ತೀವ್ರ ಗುಡುಗುಮಳೆ, ಸುಂಟರಗಾಳಿ, ದಿಢೀರ್ ನೆರೆಗಳ ಬಗ್ಗೆ ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆ ಹೊರಡಿಸುವ ಸೂಚನೆ. ಅಪಾಯಕ್ಕೆ ಅನುಕೂಲವಾದ ವಾತಾವರಣವಿದ್ದರೆ ‘ವಾಚ್’. ಅಪಾಯ ಕಣ್ಣಿಗೋ ರೇಡಾರ್‌ಗೋ ಕಂಡರೆ ‘ವಾರ್ನಿಂಗ್’. ಗಾಳಿ ಗಂಟೆಗೆ ಸುಮಾರು 93 ಕಿ.ಮೀ. ಮುಟ್ಟಿದರೆ ಅಥವಾ ಆಲಿಕಲ್ಲಿನ ವ್ಯಾಸ 2.5 ಸೆಂ.ಮೀ. ಆದರೆ ಗುಡುಗುಮಳೆ ‘ತೀವ್ರ’ ಎನಿಸುತ್ತದೆ. 2007ರಿಂದ ‘ವಾರ್ನಿಂಗ್’ ಇಡೀ ಕೌಂಟಿಗಲ್ಲ (ಜಿಲ್ಲೆಗಲ್ಲ), ಬಿರುಮಳೆಯ ಹಾದಿಗಷ್ಟೇ.

ಮೋಡದಿಂದ ಜೋತು ಗಿರಗಿರನೆ ತಿರುಗುವ ಆಲಿಕೆಮೋಡದ ಸುತ್ತು ನೆಲ ಮುಟ್ಟಿದರೆ ಮಾತ್ರ ಸುಂಟರಗಾಳಿ. ರೇಡಾರ್ ಕಿರಣ ದೂರ ಹೋದಷ್ಟೂ ಮೇಲೇರುವುದರಿಂದ, ಕೇಂದ್ರದಿಂದ ದೂರದ ಹಳ್ಳಿಗಳಲ್ಲಿ ನೆಲದ ಸಮೀಪದ ಸುತ್ತು ಅದಕ್ಕೆ ಸಿಗುವುದಿಲ್ಲ. ಅಲ್ಲಿ ಹವಾಮಾನ ಸೇವೆಯ ‘ಸ್ಕೈವಾರ್ನ್’ ತರಬೇತಿ ಪಡೆದ ಸ್ವಯಂಸೇವಕರ ಕಣ್ಣು ಇಂದಿಗೂ ಬೇಕೇ ಬೇಕು. ಸುಂಟರಗಾಳಿಗೆ ಸಿಗುವ ಪ್ರಚಾರ ನೆರೆಗಿಲ್ಲ. ಆದರೆ ರಸ್ತೆಯ ಮೇಲೆ ರಭಸದಿಂದ ಹರಿಯುವ ಎರಡಡಿ ನೀರು ಬಹುತೇಕ ವಾಹನಗಳನ್ನು ಕೊಚ್ಚಿಕೊಂಡು ಹೋಗಬಲ್ಲದು.