ಶಿವರಾತ್ರಿವರೆಗೆ ಚಳಿ, ಸಂಕ್ರಾಂತಿವರೆಗೆ ಟೋಪಿ

ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಎಂದು ಹೊರಟುಹೋಗುತ್ತದೆ ಎಂಬುದು ನಮ್ಮ ಹಿರಿಯರ ಲೆಕ್ಕ. ದೆಹಲಿಯ ಚಳಿಗೂ ಅದು ಹೆಚ್ಚುಕಡಿಮೆ ಸರಿಹೊಂದುತ್ತದೆ. ಅಂಗಡಿಗಳ ಪಂಚಾಂಗ ಮಾತ್ರ ಬೇರೆ. ಜನವರಿಯ ರಜೆ ಮುಗಿದು ಶಾಲೆ ತೆರೆದ ವಾರದಲ್ಲೇ ನನ್ನ ಮಗಳು ಒಂದು ಕೈಗವಸು ಕಳೆದುಕೊಂಡು ಬಂದಳು. ಮೂರು ಅಂಗಡಿ ಸುತ್ತಿದೆ. ಎಲ್ಲೆಡೆ ಹತ್ತಿಯ ಫ್ರಾಕುಗಳು! “ಮಕ್ಕಳ ಸೈಜ್ ಖಾಲಿ, ಇನ್ನು ಮುಂದಿನ ವರ್ಷವೇ” ಎಂದರು. ಮಂಜಿನಲ್ಲಿ ಬಸ್ಸಿಗೆ ಕಾಯುವ ಮಗುವಿನ ಬೆರಳುಗಳು ಮುಂದಿನ ವರ್ಷದವರೆಗೆ ಕಾಯುತ್ತವೆಯೇ? ಹೀಗೇಕೆ ಎಂದು ಕೇಳಿಕೊಂಡರೆ ಒಂದು ದೊಡ್ಡ ಚರಿತ್ರೆಯೇ ತೆರೆದುಕೊಳ್ಳುತ್ತದೆ.

ಮಗುವಿನ ಚಳಿಯ ಉಡುಪು ಮೊದಲು ಅಂಗಡಿಯ ವಸ್ತುವೇ ಆಗಿರಲಿಲ್ಲ. ನಮ್ಮಲ್ಲಿ ಕುಲಾವಿ, ಕುಂಚಿಗೆ, ಕೌದಿಗಳನ್ನು ಮನೆಯಲ್ಲೇ ಹೊಲಿಯುತ್ತಿದ್ದರು. ಉತ್ತರ ಭಾರತದಲ್ಲಿ ಉಣ್ಣೆಯ ದೊಡ್ಡ ಗಿರಣಿಗಳು ಬಂದದ್ದು 19ನೇ ಶತಮಾನದ ಕೊನೆಗೆ: 1876ರಲ್ಲಿ ಕಾನ್ಪುರದ ‘ಲಾಲ್ ಇಮ್ಲಿ’, 1880ರಲ್ಲಿ ಪಂಜಾಬಿನ ಧಾರಿವಾಲ್. ಮುಂದೆ ಉಣ್ಣೆಯ ನೂಲು, ಹೆಣಿಗೆಯ ಕಡ್ಡಿಗಳು ಮನೆಮನೆ ಸೇರಿದವು. ದೆಹಲಿಗೆ ನೌಕರಿಗಾಗಿ ಬಂದ ಕನ್ನಡ ಕುಟುಂಬಗಳ ಹೆಣ್ಣುಮಕ್ಕಳೂ ಚಳಿಗಾಲದ ಬಿಸಿಲಲ್ಲಿ ಪಕ್ಕದ ಮನೆಯವರ ಜೊತೆ ಕುಳಿತು ಹೆಣಿಗೆ ಕಲಿತರು. ಬಿಗಿಯಾದ ಸ್ವೆಟರನ್ನು ಬಿಚ್ಚಿ, ನೂಲು ತೊಳೆದು, ಮತ್ತೆ ಹೆಣೆಯುತ್ತಿದ್ದರು. ಅಲ್ಲಿ ‘ಸೈಜ್ ಖಾಲಿ’ ಎಂಬ ಮಾತಿರಲಿಲ್ಲ, ಮಗುವೇ ಅಳತೆ.

ಈ ಲೆಕ್ಕ ಬದಲಿಸಿದ್ದು ಲೂಧಿಯಾನಾ. 1833ರ ಬರಗಾಲದಲ್ಲಿ ಕಾಶ್ಮೀರ ಬಿಟ್ಟ ಶಾಲು ನೇಕಾರರು ಅಲ್ಲಿ ನೆಲೆಸಿದರು. 20ನೇ ಶತಮಾನದಲ್ಲಿ ಅದು ಹೊಸೈರಿ ಯಂತ್ರಗಳ ಊರಾಯಿತು. ಅಗ್ಗದ ಅಕ್ರಿಲಿಕ್ ನೂಲು ಬಂದ ಮೇಲೆ ಮನೆಯ ಹೆಣಿಗೆ ಹಿಂದೆ ಸರಿಯಿತು. ಯಂತ್ರದ ಸರಕಿಗೆ ತಿಂಗಳುಗಳ ಮೊದಲೇ ಆರ್ಡರ್ ಕೊಡಬೇಕು. ಚಳಿಗೆ ಮುಂಚೆಯೇ ಮಾಲು ಅಂಗಡಿ ಸೇರಬೇಕು. ಜನವರಿಯಲ್ಲಿ ಉಳಿದದ್ದು ವ್ಯಾಪಾರಿಗೆ ಸಿಕ್ಕಿಬಿದ್ದ ಬಂಡವಾಳ. ಮಕ್ಕಳ ಕೈಗವಸು, ಟೋಪಿಗಳಲ್ಲಿ ಲಾಭ ಚಿಕ್ಕದು, ಅಳತೆಗಳು ಹಲವು. ಎರಡು ಡಜನ್‌ಗಾಗಿ ಯಾರೂ ಮತ್ತೆ ಯಂತ್ರ ಓಡಿಸುವುದಿಲ್ಲ.

ಅಂಗಡಿ ಕೈಕೊಟ್ಟಾಗ ನಾವು ಹುಡುಕುವುದು ಟಿಬೆಟನ್ನರ ಸ್ವೆಟರ್ ಸಾಲನ್ನು. 1959ರಲ್ಲಿ ದಲೈಲಾಮಾ ಭಾರತಕ್ಕೆ ಬಂದರು. ಅವರ ಹಿಂದೆ ಸಾವಿರಾರು ನಿರಾಶ್ರಿತರು ಬಂದರು. 60ರ ದಶಕದಲ್ಲಿ ಕರ್ನಾಟಕವು ಬೈಲಕುಪ್ಪೆ, ಮುಂಡಗೋಡುಗಳಲ್ಲಿ ಅವರಿಗೆ ನೆಲೆ ಕೊಟ್ಟಿತು. ಮಳೆಗಾಲದಲ್ಲಿ ಮೆಕ್ಕೆಜೋಳ ಬೆಳೆದು, ಚಳಿಗಾಲದಲ್ಲಿ ಲೂಧಿಯಾನಾದ ಮಾಲು ಕೊಂಡು ಊರೂರಿನಲ್ಲಿ ಮಾರುವುದು ಅಲ್ಲಿನ ಎಷ್ಟೋ ಕುಟುಂಬಗಳ ಜೀವನಕ್ರಮವಾಯಿತು. ಅವರೂ ಚಳಿ ಪೂರ್ತಿ ಮುಗಿಯುವ ಮೊದಲೇ ಗಂಟುಮೂಟೆ ಕಟ್ಟುತ್ತಾರೆ. ಫೆಬ್ರವರಿ-ಮಾರ್ಚಿನ ಲೋಸರ್, ಅಂದರೆ ಅವರ ಹೊಸವರ್ಷಕ್ಕೆ ಮನೆ ಸೇರಬೇಕಲ್ಲ! ಯುಗಾದಿಗೆ ಊರಿಗೆ ಓಡುವ ನಾವು ಅದನ್ನು ತಪ್ಪೆನ್ನಲಾರೆವು.

ಹಾಗಾದರೆ ದಾರಿ? ಅಂಗಡಿಯಲ್ಲಿಲ್ಲದ ಅಳತೆ ನಮ್ಮ ಕಪಾಟುಗಳಲ್ಲಿದೆ. ಮಕ್ಕಳಿಗೆ ಚಿಕ್ಕದಾದ ಕೈಗವಸು, ಟೋಪಿ, ಉಣ್ಣೆಯ ಕಾಲುಚೀಲಗಳನ್ನು ತೊಳೆದು, ವಯಸ್ಸಿನ ಚೀಟಿ ಅಂಟಿಸಿ, ಸಂಕ್ರಾಂತಿಯ ಎಳ್ಳುಬೆಲ್ಲದ ಜೊತೆಗೇ ಮಹಿಳಾ ವೇದಿಕೆಗೆ ತಂದರೆ ಬೇಕಾದವರು ಒಯ್ಯಬಹುದು. ಹೆಣಿಗೆ ಬಲ್ಲ ಹಿರಿಯರು ಒಂದು ಮಧ್ಯಾಹ್ನ ಬಿಸಿಲಲ್ಲಿ ಕುಳಿತರೆ ನಮ್ಮಂಥ ಕಂಪ್ಯೂಟರಿನವರೂ ಕಡ್ಡಿ ಹಿಡಿಯಲು ಕಲಿತೇವು. ಸುಲಭದ ಟೋಪಿಯಿಂದಲೇ ಆರಂಭಿಸೋಣ.